ಪೈಪ್‌ಲೈನಿನ ನಡುಕ ನಿಲ್ಲಿಸಿ, ಅದರಿಂದಲೇ ಕರೆಂಟ್ ತೆಗೆಯಬಹುದೇ?

ಪೈಪ್‌ಲೈನಿನ ಕಂಪನವನ್ನು ತಗ್ಗಿಸಿ, ಅದೇ ಕಂಪನದಿಂದ ವಿದ್ಯುತ್ತನ್ನೂ ಕೊಡುವ ಸಾಧನಗಳ ಸುದ್ದಿ ಈಚೆಗೆ ಮೇಲಿಂದ ಮೇಲೆ ಬರುತ್ತಿದೆ. ಓದಿದವರಿಗೆ ಎರಡು ಪ್ರಶ್ನೆ ಏಳುತ್ತವೆ. ಕಂಪನವನ್ನೇ ಇಲ್ಲವಾಗಿಸಿದರೆ ವಿದ್ಯುತ್ತು ಬರುವುದು ಎಲ್ಲಿಂದ? ತಲೆಬರಹದಲ್ಲಿ ‘ವಿದ್ಯುತ್ ಉತ್ಪಾದನೆ’ ಎಂದಿರುತ್ತದೆ, ಒಳಗೆ ನೋಡಿದರೆ ಅಂಕಿಗಳು ಮಿಲಿವ್ಯಾಟ್, ಮೈಕ್ರೊವ್ಯಾಟ್‌ಗಳಲ್ಲಿರುತ್ತವೆ, ಅಷ್ಟರಿಂದ ಆಗುವುದೇನು?

ಎರಡೂ ನ್ಯಾಯವಾದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ, ಪೈಪನ್ನು ಅಲುಗಿಸುತ್ತಿರುವ ಬಲ ಯಾವ ಬಗೆಯದು ಎಂಬುದರ ಮೇಲಿದೆ. ಒಂದು ಬಗೆಯಲ್ಲಿ ಎರಡು ಗುರಿಗಳೂ ಒಂದಕ್ಕೊಂದು ಅಡ್ಡ ಬರುತ್ತವೆ, ಇನ್ನೊಂದರಲ್ಲಿ ಜೊತೆಯಾಗಿ ಸಾಗುತ್ತವೆ. ಎರಡನೆಯದಕ್ಕೆ ಉತ್ತರ, ಇಲ್ಲಿ ಬೆಲೆಬಾಳುವುದು ವಿದ್ಯುತ್ತಲ್ಲ, ಒಡೆಯದೆ ಉಳಿಯುವ ಬೆಸುಗೆ. ಇದನ್ನು ಮಾತಿನಲ್ಲಿ ವಾದಿಸುವುದಕ್ಕಿಂತ ಒಂದು ಪೈಪನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವುದು ಮೇಲು.

ಪೈಪ್ ಏಕೆ ಅಲುಗುತ್ತದೆ, ಒಡೆಯುವುದು ಎಲ್ಲಿ

ಪೈಪನ್ನು ಅಲುಗಿಸುವ ಬಲಗಳು ಹಲವು. ಪ್ಲಂಜರ್ ಪಂಪ್ ಮತ್ತು ಪಿಸ್ಟನ್ ಕಂಪ್ರೆಸರ್‌ಗಳು ದ್ರವವನ್ನು ತುಂಡುತುಂಡಾಗಿ ತಳ್ಳುವುದರಿಂದ ಒತ್ತಡ ಏರಿಳಿಯುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಇಂಪೆಲ್ಲರಿನ ಪ್ರತಿ ರೆಕ್ಕೆಯೂ ಒಂದೊಂದು ಹೊಡೆತ ಕೊಡುತ್ತದೆ. ನಿಮಿಷಕ್ಕೆ 1480 ಸುತ್ತು, ಐದು ರೆಕ್ಕೆ ಇದ್ದರೆ ಅದು ಸೆಕೆಂಡಿಗೆ ಸುಮಾರು 123 ಹೊಡೆತ. ಇವೆಲ್ಲ ಒಂದೇ ಆವರ್ತನಕ್ಕೆ, ಇಲ್ಲವೇ ಅದರ ಗುಣಕಗಳಿಗೆ ಕಟ್ಟುಬಿದ್ದ ಬಲಗಳು. ಬೆಂಡ್, ಟೀ (ಮೂರು ಕೊಳವೆ ಕೂಡುವ ಜೋಡಣೆ), ಅರ್ಧ ತೆರೆದ ವಾಲ್ವ್‌ಗಳ ಬಳಿ ಹರಿವು ಸುಳಿಸುಳಿಯಾಗಿ ಒಡೆದಾಗ ಹುಟ್ಟುವ ಬಲ ಬೇರೆ ಜಾತಿಯದು: ಅದಕ್ಕೆ ಖಚಿತವಾದ ಆವರ್ತನವಿಲ್ಲ, ಅಗಲವಾದ ಪಟ್ಟಿಯಲ್ಲಿ ಹರಡಿಕೊಂಡಿರುತ್ತದೆ. ಈ ವ್ಯತ್ಯಾಸ ಮುಂದೆ ನಿರ್ಣಾಯಕವಾಗುತ್ತದೆ.

ಬ್ರಿಟನ್ನಿನ ಉತ್ತರ ಸಮುದ್ರದ ತೈಲ-ಅನಿಲ ಸ್ಥಾವರಗಳಲ್ಲಿ ಆದ ಹೈಡ್ರೋಕಾರ್ಬನ್ ಸೋರಿಕೆಗಳಲ್ಲಿ ಶೇ 20ಕ್ಕೂ ಹೆಚ್ಚು ಪೈಪಿನ ಕಂಪನ ಮತ್ತು ಲೋಹದ ದಣಿವಿನಿಂದ (ಪದೇ ಪದೇ ಬಾಗಿ ಬಿರುಕುಬಿಡುವುದರಿಂದ) ಆದವು ಎಂದು ಅಲ್ಲಿನ ಸುರಕ್ಷತಾ ಸಂಸ್ಥೆಯ ದಾಖಲೆಗಳು ಹೇಳುತ್ತವೆ. ಒಡೆಯುವುದು ಸಾಮಾನ್ಯವಾಗಿ ದೊಡ್ಡ ಪೈಪಲ್ಲ. ಅದರ ಮೇಲೆ ಬೆಸೆದ ಮುಕ್ಕಾಲು ಇಂಚು, ಒಂದು ಇಂಚಿನ ಕವಲುಗಳು: ಪ್ರೆಶರ್ ಗೇಜಿನ ಕೊಳವೆ, ಡ್ರೈನ್, ವೆಂಟ್. ಅವುಗಳ ತುದಿಯಲ್ಲಿ ಭಾರವಾದ ವಾಲ್ವ್ ಕೂತಿರುತ್ತದೆ, ಬುಡದಲ್ಲಿ ತೆಳು ಬೆಸುಗೆ ಇರುತ್ತದೆ. ದೊಡ್ಡ ಪೈಪ್ ಕೂದಲೆಳೆಯಷ್ಟು ಅಲುಗಿದರೂ ಕವಲು ತನ್ನ ಸಹಜ ಆವರ್ತನದಲ್ಲಿ (ತಟ್ಟಿಬಿಟ್ಟರೆ ತಾನಾಗಿ ಅಲುಗುವ ಲಯದಲ್ಲಿ) ಹಲವು ಪಟ್ಟು ತೂಗಾಡುತ್ತದೆ.

ಒಂದು ಪೈಪಿನ ಲೆಕ್ಕ

ಎಂಟು ಇಂಚಿನ ಉಕ್ಕಿನ ಪೈಪ್ ತೆಗೆದುಕೊಳ್ಳೋಣ: ಹೊರವ್ಯಾಸ 219 ಮಿ.ಮೀ., ಗೋಡೆಯ ದಪ್ಪ 8.2 ಮಿ.ಮೀ. ಮೀಟರಿಗೆ ಉಕ್ಕು 42.5 ಕಿಲೊ, ಒಳಗಿನ ನೀರು 32 ಕಿಲೊ; ಒಟ್ಟು 75 ಕಿಲೊ ಎನ್ನಬಹುದು. ಎರಡು ಸಪೋರ್ಟ್‌ಗಳ ನಡುವಿನ ಅಂತರ 6 ಮೀಟರ್. ಎರಡೂ ತುದಿ ಸುಮ್ಮನೆ ಕೂತಿವೆ ಎಂದುಕೊಂಡರೆ ಇದರ ಸಹಜ ಆವರ್ತನ 12.4 ಹರ್ಟ್ಸ್. ಇದಕ್ಕೆ ಮೂರು ಪ್ಲಂಜರಿನ ಪಂಪ್ ಜೋಡಿಸಿ ನಿಮಿಷಕ್ಕೆ 248 ಸುತ್ತಿನಲ್ಲಿ ಓಡಿಸಿದರೆ ಬರುವ ಹೊಡೆತವೂ ಸೆಕೆಂಡಿಗೆ 12.4. ಎರಡೂ ಹೊಂದಿದವು, ಅನುರಣನ ಶುರುವಾಯಿತು.

ಪೈಪಿನ ಸ್ವಂತ ಡ್ಯಾಂಪಿಂಗ್ (ಅಲುಗಾಟದ ಶಕ್ತಿಯನ್ನು ಕರಗಿಸಿ ತಗ್ಗಿಸುವ ಗುಣ) ಶೇ 1, ನಡುಮಧ್ಯದ ಗರಿಷ್ಠ ವೇಗ ಸೆಕೆಂಡಿಗೆ 30 ಮಿ.ಮೀ. ಎಂದಿಟ್ಟುಕೊಳ್ಳೋಣ. ಸರಾಸರಿ ವರ್ಗಮೂಲದ ಲೆಕ್ಕದಲ್ಲಿ ಇದು ಸುಮಾರು 21 ಮಿ.ಮೀ. ಸ್ಥಾವರ ಎಂಜಿನಿಯರ್‌ಗಳು ಬಳಸುವ ಮಿತಿಗಳ ಪ್ರಕಾರ ಈ ಆವರ್ತನದ ಆಸುಪಾಸಿನಲ್ಲಿ 5 ಮಿ.ಮೀ. ದಾಟಿದರೆ ಗಮನ ಕೊಡಬೇಕು, 25 ಮಿ.ಮೀ.ಗೆ ಹತ್ತಿರವಾದರೆ ಕೂಡಲೇ ಸರಿಪಡಿಸಬೇಕು. ಅಂದರೆ ಇದು ಗಂಭೀರ ಕಂಪನ. ಆದರೂ ಪೈಪ್ ಆಚೀಚೆ ಸರಿಯುವುದು 0.4 ಮಿ.ಮೀ. ಮಾತ್ರ, ಈ ಅಲುಗಾಟದಿಂದ ಮುಖ್ಯ ಪೈಪಿನಲ್ಲಿ ಹುಟ್ಟುವ ಸ್ಟ್ರೆಸ್ 2.3 ಮೆಗಾಪ್ಯಾಸ್ಕಲ್, ಉಕ್ಕಿನ ಮಟ್ಟಿಗೆ ಏನೂ ಅಲ್ಲ. ಅಪಾಯವಿರುವುದು ಕವಲಿನ ಬುಡದಲ್ಲಿ.

ಇಷ್ಟು ಕಂಪನವನ್ನು ಸಾಕುತ್ತಿರುವ ಬಲ ಎಷ್ಟು? ಲೆಕ್ಕ ಹಾಕಿದರೆ 10.5 ನ್ಯೂಟನ್, ಒಂದು ಕಿಲೊ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಅನುರಣನದಲ್ಲಿ ಅಷ್ಟು ಸಣ್ಣ ಬಲ 450 ಕಿಲೊ ಪೈಪನ್ನು ಅಲುಗಿಸುತ್ತದೆ. ಹಾಗಾದರೆ ಆ ಪೈಪಿನ ಕಂಪನದಲ್ಲಿ ಪ್ರತಿ ಕ್ಷಣ ವ್ಯಯವಾಗುತ್ತಿರುವ ಒಟ್ಟು ಶಕ್ತಿ? 0.16 ವ್ಯಾಟ್. ಪಕ್ಕದಲ್ಲಿ ನಿಂತವರಿಗೆ ಭಯವಾಗುವಂತೆ ನಡುಗುವ ಪೈಪಿನ ಇಡೀ ಕಂಪನ, ಸಣ್ಣ ಎಲ್‌ಇಡಿ ಬಲ್ಬನ್ನೂ ಉರಿಸಲಾರದು. ‘ಪೈಪಿನಿಂದ ವಿದ್ಯುತ್’ ಎಂಬ ತಲೆಬರಹ ಓದುವಾಗ ಮೊದಲು ನೆನಪಿಡಬೇಕಾದ ಅಂಕಿ ಇದೇ.

ಇಲ್ಲಿ ಇನ್ನೊಂದು ಬೆರಕೆಯನ್ನೂ ಬಿಡಿಸಿಡಬೇಕು. ನೀರಿನ ಕೊಳವೆಯೊಳಗೆ ಟರ್ಬೈನ್ ಕೂರಿಸಿ ವಿದ್ಯುತ್ ತೆಗೆಯುವ ಯೋಜನೆಗಳೂ ಸುದ್ದಿಯಾಗುತ್ತವೆ. ಅವು ತೆಗೆಯುವುದು ಹರಿವಿನ ಶಕ್ತಿಯನ್ನು, ಕಂಪನದ್ದನ್ನಲ್ಲ. ಸೆಕೆಂಡಿಗೆ 50 ಲೀಟರ್ ನೀರು, 30 ಮೀಟರ್ ಎತ್ತರದಷ್ಟು ಹೆಚ್ಚುವರಿ ಒತ್ತಡ ಇದ್ದರೆ ಅದರಲ್ಲಿ 14.7 ಕಿಲೊವ್ಯಾಟ್ ಇದೆ. ಒತ್ತಡ ತಗ್ಗಿಸುವ ವಾಲ್ವಿನ ಜಾಗದಲ್ಲಿ ಟರ್ಬೈನ್ ಇಟ್ಟರೆ ಅರ್ಧಕ್ಕಿಂತ ಹೆಚ್ಚನ್ನು ಪಡೆಯಬಹುದು. ಕಂಪನದ ಲೆಕ್ಕಕ್ಕೂ ಇದಕ್ಕೂ ಸುಮಾರು ಲಕ್ಷ ಪಟ್ಟು ಅಂತರವಿದೆ.

ಎರಡು ಗುರಿಗಳು ಎಲ್ಲಿ ಕಚ್ಚಾಡುತ್ತವೆ

ಹಾರ್ವೆಸ್ಟರ್, ಅಂದರೆ ಕಂಪನದಿಂದ ವಿದ್ಯುತ್ ಎಳೆಯುವ ಸಾಧನ, ಪೈಪಿನ ಕಣ್ಣಿಗೆ ಒಂದು ಡ್ಯಾಂಪರ್ ಅಷ್ಟೇ. ಅದು ಎಳೆದುಕೊಳ್ಳುವ ಪ್ರತಿ ಮಿಲಿವ್ಯಾಟೂ ಪೈಪಿನ ಚಲನೆಯಿಂದ ಕಳೆದದ್ದು. ಲೆಕ್ಕ ಸರಳವಾಗಿರಲೆಂದು ಅದನ್ನು ಪೈಪಿನ ನಡುಮಧ್ಯಕ್ಕೂ ಗಟ್ಟಿ ನೆಲಕ್ಕೂ ನಡುವೆ ಕಟ್ಟಿದ್ದೇವೆ ಎಂದುಕೊಳ್ಳಿ.

ಪೈಪಿನ ಸ್ವಂತ ಡ್ಯಾಂಪಿಂಗಿನಷ್ಟೇ ಡ್ಯಾಂಪಿಂಗನ್ನು ಹಾರ್ವೆಸ್ಟರ್ ಸೇರಿಸಿದರೆ ಕಂಪನ ಅರ್ಧಕ್ಕಿಳಿಯುತ್ತದೆ, ಹಾರ್ವೆಸ್ಟರಿಗೆ 39 ಮಿಲಿವ್ಯಾಟ್ ಸಿಗುತ್ತದೆ. ಈ ಪೈಪಿನಿಂದ ತೆಗೆಯಬಹುದಾದ ಗರಿಷ್ಠ ಇದೇ. ಅದಕ್ಕಿಂತ ಮುಂದೆ ಹೋಗಿ ಒಂಬತ್ತು ಪಟ್ಟು ಡ್ಯಾಂಪಿಂಗ್ ಸೇರಿಸಿದರೆ ಕಂಪನ ಹತ್ತನೇ ಒಂದಕ್ಕೆ, ಸೆಕೆಂಡಿಗೆ 3 ಮಿ.ಮೀ.ಗೆ ಇಳಿಯುತ್ತದೆ; ಆದರೆ ಸಿಗುವ ಶಕ್ತಿ 14 ಮಿಲಿವ್ಯಾಟಿಗೆ ಕುಸಿಯುತ್ತದೆ. ಹೆಚ್ಚು ವಿದ್ಯುತ್ ಬೇಕೆಂದರೆ ಕಂಪನ ಉಳಿಸಿಕೊಳ್ಳಬೇಕು, ಕಂಪನ ಬೇಡವೆಂದರೆ ವಿದ್ಯುತ್ ಬಿಟ್ಟುಕೊಡಬೇಕು. ಪಂಪಿನಂತಹ ಒಂದೇ ಆವರ್ತನದ ಬಲಕ್ಕೆ ಇದು ತಪ್ಪಿಸಲಾಗದ ನಿಯಮ. ಎಂಥ ಜಾಣ ವಿನ್ಯಾಸವೂ ಇದನ್ನು ದಾಟದು.

ಆಯ್ಕೆ ಯಾವ ಕಡೆ ಇರಬೇಕು? ಬೆಸುಗೆಯ ಆಯುಸ್ಸು ಸ್ಟ್ರೆಸ್ಸಿನ ಘನಕ್ಕೆ ವಿಲೋಮವಾಗಿ ನಡೆಯುತ್ತದೆ ಎಂಬುದು ದಣಿವಿನ ಲೆಕ್ಕದ ರೂಢಿಯ ಸೂತ್ರ. ಕಂಪನ ಅರ್ಧವಾದರೆ ಆಯುಸ್ಸು ಎಂಟು ಪಟ್ಟು, ಹತ್ತನೇ ಒಂದಾದರೆ ಸಾವಿರ ಪಟ್ಟು. 12.4 ಹರ್ಟ್ಸ್‌ನಲ್ಲಿ ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು, ವರ್ಷಕ್ಕೆ ಸುಮಾರು 39 ಕೋಟಿ ಆವರ್ತಗಳು ಬೆಸುಗೆಯ ಮೇಲೆ ಬೀಳುತ್ತವೆ. 25 ಮಿಲಿವ್ಯಾಟ್ ಹೆಚ್ಚು ಸಿಗುತ್ತದೆಂದು ಆಯುಸ್ಸಿನಲ್ಲಿ ನೂರಕ್ಕೂ ಹೆಚ್ಚು ಪಟ್ಟು ಬಿಟ್ಟುಕೊಡುವುದು ಯಾವ ಕೋನದಿಂದಲೂ ಸಮರ್ಥನೀಯವಲ್ಲ. ಕಂಪನ ತಗ್ಗಿಸುವುದನ್ನೇ ಗುರಿಯಾಗಿಟ್ಟು ಡ್ಯಾಂಪಿಂಗ್ ನಿಗದಿ ಮಾಡಬೇಕು, ಸಿಕ್ಕಿದ ವಿದ್ಯುತ್ತನ್ನು ಸಿಕ್ಕಷ್ಟಕ್ಕೆ ಬಳಸಬೇಕು.

ಎರಡೂ ಜೊತೆಯಾಗುವುದು ಎಲ್ಲಿ

ಸುಳಿ ಹರಿವಿನ ಅಗಲಪಟ್ಟಿಯ ಬಲಕ್ಕೆ ಚಿತ್ರ ತಿರುವುಮುರುವಾಗುತ್ತದೆ. ಅಂಥ ಬಲ ಪೈಪಿನೊಳಕ್ಕೆ ತುಂಬುವ ಸರಾಸರಿ ಶಕ್ತಿ ಡ್ಯಾಂಪಿಂಗನ್ನು ಅವಲಂಬಿಸುವುದಿಲ್ಲ; ಬಲದ ತೀವ್ರತೆ ಮತ್ತು ಪೈಪಿನ ದ್ರವ್ಯರಾಶಿ ಅದನ್ನು ನಿರ್ಧರಿಸುತ್ತವೆ. ಒಳಬಂದ ಶಕ್ತಿ ಪೈಪಿನ ಸ್ವಂತ ಡ್ಯಾಂಪಿಂಗ್ ಮತ್ತು ಹಾರ್ವೆಸ್ಟರ್ ನಡುವೆ ಹಂಚಿಕೆಯಾಗುತ್ತದೆ. ಹಾರ್ವೆಸ್ಟರಿನ ಪಾಲು ಒಂಬತ್ತು ಪಟ್ಟಿದ್ದರೆ ಶೇ 90 ಶಕ್ತಿ ಅದಕ್ಕೇ ಹೋಗುತ್ತದೆ, ಜೊತೆಗೆ ಕಂಪನವೂ ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಡ್ಯಾಂಪಿಂಗ್ ಹೆಚ್ಚಿಸಿದಷ್ಟೂ ಎರಡೂ ಲಾಭ. ಆದರೆ ಕಂಪನದ ಇಳಿಕೆ ಇಲ್ಲಿ ವರ್ಗಮೂಲದ ಲೆಕ್ಕದಲ್ಲಿ ನಡೆಯುವುದರಿಂದ ಹತ್ತು ಪಟ್ಟು ಡ್ಯಾಂಪಿಂಗಿಗೆ ಹತ್ತು ಪಟ್ಟು ಇಳಿಕೆ ಸಿಗುವುದಿಲ್ಲ.

ಆದ್ದರಿಂದ ‘ಕಂಪನವೂ ಇಳಿಯಿತು, ವಿದ್ಯುತ್ತೂ ಹೆಚ್ಚಿತು’ ಎಂಬ ವರದಿ ಸುಳ್ಳೇನಲ್ಲ, ‘ಎರಡೂ ಒಟ್ಟಿಗೆ ಸಾಧ್ಯವಿಲ್ಲ’ ಎಂಬ ಟೀಕೆಯೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಬಲಗಳ ಬಗ್ಗೆ ಮಾತಾಡುತ್ತಿರುತ್ತಾರೆ. ಪ್ರಯೋಗಾಲಯದ ಶೇಕರ್ ಮೇಜಿನ ಫಲಿತಾಂಶಕ್ಕೆ ಇನ್ನೊಂದು ತೊಡಕಿದೆ. ಸಾಧನ ಎಷ್ಟೇ ಶಕ್ತಿ ಎಳೆದರೂ ಶೇಕರ್ ತನ್ನ ಕಂಪನವನ್ನು ನಿಗದಿತ ಮಟ್ಟದಲ್ಲೇ ಹಿಡಿದಿಡುತ್ತದೆ. ಪೈಪ್ ಹಾಗಲ್ಲ, ಎಳೆದಷ್ಟೂ ಸೊರಗುತ್ತದೆ. ಮೇಜಿನ ಮೇಲೆ ಬಂದ ವ್ಯಾಟ್‌ಗಳನ್ನು ಹಾಗೇ ಪೈಪಿಗೆ ಅನ್ವಯಿಸುವುದೇ ಈ ಕ್ಷೇತ್ರದ ಅತಿ ಸಾಮಾನ್ಯ ಉತ್ಪ್ರೇಕ್ಷೆ.

ಮೂರು ನಿಲುವುಗಳು

ಸ್ಥಾವರ ನಿರ್ವಹಿಸುವವರ ವಾದ ಖಡಕ್ಕಾಗಿದೆ: ಮೂಲವನ್ನೇ ಸರಿಪಡಿಸಿ, ಸಾಧನ ಏಕೆ? ನಮ್ಮ ಉದಾಹರಣೆಯಲ್ಲಿ ಪಂಪಿನ ವೇಗವನ್ನು 248ರಿಂದ 210 ಸುತ್ತಿಗೆ ಇಳಿಸಿದರೆ ಹೊಡೆತ 10.5 ಹರ್ಟ್ಸ್ ಆಗುತ್ತದೆ. ಬಲ ಅಷ್ಟೇ ಇದ್ದರೂ ಪೈಪಿನ ಸರಿತ ಹದಿನಾಲ್ಕನೇ ಒಂದಕ್ಕೆ ಬೀಳುತ್ತದೆ. ಯಾವ ಸಾಧನವೂ ಬೇಡ, ವೇಗ ನಿಯಂತ್ರಕ ಇದ್ದರೆ ಸಾಕು. ಅಥವಾ ನಡುವೆ ಇನ್ನೊಂದು ಸಪೋರ್ಟ್ ಕೊಟ್ಟರೆ ಸಹಜ ಆವರ್ತನ ನಾಲ್ಕು ಪಟ್ಟಾಗುತ್ತದೆ. ಇಲ್ಲೊಂದು ಬಲೆಯಿದೆ: ಸಪೋರ್ಟನ್ನು ಸರಿಯಾಗಿ ನಡುಮಧ್ಯೆ ಇಟ್ಟರೆ ಹೊಸ ಆವರ್ತನ 49.6 ಹರ್ಟ್ಸ್, ಅದು ಪಂಪಿನ ಹೊಡೆತದ ನಾಲ್ಕನೇ ಗುಣಕ. ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಪಿಸ್ಟನ್ ಕಂಪ್ರೆಸರ್‌ಗಳ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) 618 ಮಾನದಂಡ ಪೈಪಿನ ಸಹಜ ಆವರ್ತನವೂ ಪ್ರಮುಖ ಬಲದ ಆವರ್ತನವೂ ಕನಿಷ್ಠ ಶೇ 20 ದೂರವಿರಬೇಕು ಎನ್ನುವುದು ಇದೇ ಕಾರಣಕ್ಕೆ. ಕವಲಿನ ವಾಲ್ವನ್ನು ಮುಖ್ಯ ಪೈಪಿಗೇ ಬ್ರೇಸ್ ಹಾಕಿ ಬಿಗಿಯುವುದು, ಪಂಪಿನ ಬಾಯಿಗೆ ಒತ್ತಡದ ಏರಿಳಿತ ತಗ್ಗಿಸುವ ಪಲ್ಸೇಷನ್ ಡ್ಯಾಂಪನರ್ ಕೂರಿಸುವುದು, ಬೇಡದ ಕವಲನ್ನು ಕತ್ತರಿಸಿಬಿಡುವುದು ಇವೆಲ್ಲ ಹಳೆಯ, ಗೆದ್ದ ಉಪಾಯಗಳು.

ಈ ವಾದ ಬಹುಪಾಲು ಸರಿ. ಆದರೆ ಬಿಸಿ ಪೈಪಿನ ಮುಂದೆ ಅದು ಮುಗ್ಗರಿಸುತ್ತದೆ. 20 ಮೀಟರಿನ ಉಕ್ಕಿನ ಪೈಪ್ 150 ಡಿಗ್ರಿ ಬಿಸಿಯೇರಿದರೆ 36 ಮಿ.ಮೀ. ಉದ್ದವಾಗುತ್ತದೆ. ಸಿಕ್ಕಲ್ಲಿ ಬಿಗಿ ಕ್ಲ್ಯಾಂಪ್ ಹಾಕಿದರೆ ಕಂಪನ ನಿಂತು ಹಿಗ್ಗುವಿಕೆಯ ಸ್ಟ್ರೆಸ್ ಶುರುವಾಗುತ್ತದೆ. ಹತ್ತಿರದಲ್ಲಿ ಕಂಬವೋ ಗೋಡೆಯೋ ಇಲ್ಲದ ಎತ್ತರದ ಪೈಪುಗಳಿಗೂ ಸಪೋರ್ಟ್ ಕೊಡುವುದು ಕಷ್ಟ. ನೆಲ ಮುಟ್ಟದೆ ಪೈಪಿನಲ್ಲೇ ನೇತಾಡುವ ಕಂಪನ ಹೀರುಕ ನಿಜವಾಗಿ ಬೇಕಾಗುವುದು ಇಂಥ ಕಡೆ.

ಪೈಪಿನ ಕಂಪನ ಅಳೆದು ತಿಳಿಸುವ ಸೆನ್ಸರ್ ತಯಾರಿಸುವವರದು ಎರಡನೇ ನಿಲುವು. ಅವರಿಗೆ ಬೇಕಿರುವುದು ಹತ್ತಾರು ಮೈಕ್ರೊವ್ಯಾಟಿನಿಂದ ಒಂದು ಮಿಲಿವ್ಯಾಟಿನವರೆಗೆ ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಒಂದು ಸೆಕೆಂಡ್ ಅಳೆದು, ಒಂದು ಅಂಕಿಯನ್ನು ರೇಡಿಯೊದಲ್ಲಿ ಕಳಿಸುವ ಸೆನ್ಸರ್‌ಗೆ ಸರಾಸರಿ 50 ಮೈಕ್ರೊವ್ಯಾಟ್ ಸಾಕು. ಕಂಪನದ ಪೂರ್ತಿ ಅಲೆರೂಪ ಕಳಿಸಬೇಕೆಂದರೆ ರೇಡಿಯೊ ಐದಾರು ಸೆಕೆಂಡ್ ಎಚ್ಚರವಿರಬೇಕು, ಆಗ ಸರಾಸರಿ 1 ಮಿಲಿವ್ಯಾಟ್. ಎದುರಿಗೆ ಬ್ಯಾಟರಿಯ ಲೆಕ್ಕ ನೋಡಿ. 3.6 ವೋಲ್ಟ್, 19 ಆಂಪಿಯರ್-ಗಂಟೆಯ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ಲಿನಲ್ಲಿ 246 ಕಿಲೊಜೂಲ್ ಇದೆ. 1 ಮಿಲಿವ್ಯಾಟ್ ಎಳೆದರೆ ಕಾಗದದ ಮೇಲೆ 7.8 ವರ್ಷ. 50 ಮೈಕ್ರೊವ್ಯಾಟ್ ಎಳೆಯುವ ಸರಳ ಸೆನ್ಸರಿನಲ್ಲಿ ಸೆಲ್ ತನ್ನ ಒಳಸೋರಿಕೆಯಿಂದ ಬರಿದಾಗುತ್ತದೆಯೇ ಹೊರತು ಬಳಕೆಯಿಂದಲ್ಲ. ಸರಳ ಸೆನ್ಸರ್‌ಗೆ ಹಾರ್ವೆಸ್ಟರ್ ಬೇಕಿಲ್ಲ. ಪದೇ ಪದೇ ಅಲೆರೂಪ ಕಳಿಸಬೇಕಾದ, ಬಿಸಿಯಿಂದ ಬ್ಯಾಟರಿ ಬೇಗ ಸಾಯುವ, ಬದಲಿಸಲು ಏಣಿ-ಅಟ್ಟಣಿಗೆ ಕಟ್ಟಿ ಸ್ಥಾವರದ ಪರವಾನಗಿ ಪಡೆಯಬೇಕಾದ ಜಾಗದಲ್ಲಿ ಬೇಕು.

ಮೂರನೆಯವರು ಸಂಶೋಧಕರು. ಒಂದು ದೊಡ್ಡ ಹೀರುಕದ ಬದಲು ಪೈಪಿನುದ್ದಕ್ಕೂ ಚಿಕ್ಕ ಚಿಕ್ಕ ಅನುರಣಕಗಳನ್ನು ಸಾಲಾಗಿ ಕಟ್ಟಿ, ನಿರ್ದಿಷ್ಟ ಆವರ್ತನದ ಅಲೆಯೇ ಮುಂದೆ ಸಾಗದಂತೆ ಮಾಡುವ ‘ಮೆಟಾಮೆಟೀರಿಯಲ್’ ಪೈಪ್ ಅವರ ಒಂದು ದಾರಿ. ಸ್ಪ್ರಿಂಗಿನ ಬಿಗಿತ ಚಲನೆಯೊಂದಿಗೆ ಏರುವಂತೆ ಮಾಡಿ ಅಗಲವಾದ ಆವರ್ತನಗಳಿಗೆ ಸ್ಪಂದಿಸುವ ಅರೇಖೀಯ ಹೀರುಕ ಇನ್ನೊಂದು. ಮೊದಲನೆಯದಕ್ಕೆ ತೂಕವೇ ಶತ್ರು: ಕಡಿಮೆ ಆವರ್ತನದಲ್ಲಿ ಕೆಲಸ ಮಾಡಬೇಕಾದರೆ ಪೈಪಿನ ತೂಕದ ಗಣನೀಯ ಭಾಗವನ್ನು ಅದರ ಮೇಲೇ ಹೇರಬೇಕು. ಎರಡನೆಯದು ಕಂಪನ ಒಂದು ಮಟ್ಟ ದಾಟಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಎರಡೂ ಗಂಭೀರ ಕೆಲಸಗಳು, ಸ್ಥಾವರಕ್ಕೆ ಇನ್ನೂ ದೂರ.

ಹೀರುಕವನ್ನು ಕಟ್ಟುವುದು ಹೇಗೆ

ಮುಖ್ಯ ವಸ್ತುವಿಗೆ ಸ್ಪ್ರಿಂಗಿನ ಮೇಲೆ ಚಿಕ್ಕ ತೂಕ ಜೋಡಿಸಿ ಕಂಪನ ಹೀರುವ ಉಪಾಯಕ್ಕೆ ಹರ್ಮನ್ ಫ್ರಾಮ್ 1909ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದ. ಅದಕ್ಕೆ ಡ್ಯಾಂಪಿಂಗ್ ಸೇರಿಸಿದ ಸಿದ್ಧಾಂತವನ್ನು 1928ರಲ್ಲಿ ಓರ್ಮಂಡ್‌ರಾಯ್ಡ್ ಮತ್ತು ಡೆನ್ ಹಾರ್ಟಾಗ್ ಕೊಟ್ಟರು. ಇಂದಿನ ಹಾರ್ವೆಸ್ಟರ್-ಹೀರುಕದಲ್ಲಿ ಹೊಸತು ಒಂದೇ: ಡ್ಯಾಂಪಿಂಗಿನ ಜಾಗದಲ್ಲಿ ಜನರೇಟರ್.

ನಮ್ಮ ಪೈಪಿನ ಚಲಿಸುವ ಪರಿಣಾಮಕಾರಿ ದ್ರವ್ಯರಾಶಿ 225 ಕಿಲೊ, ಒಟ್ಟು ತೂಕದ ಅರ್ಧ. ಅದರ ಶೇ 5 ಎಂದರೆ ಹೀರುಕದ ತೂಕ 11 ಕಿಲೊ. ಡೆನ್ ಹಾರ್ಟಾಗ್ ಸೂತ್ರದಂತೆ ಇದನ್ನು 12.4ಕ್ಕೆ ಅಲ್ಲ, 11.8 ಹರ್ಟ್ಸ್‌ಗೆ ಶ್ರುತಿ ಮಾಡಬೇಕು; ಹೀರುಕದ ಸ್ವಂತ ಡ್ಯಾಂಪಿಂಗ್ ಶೇ 12.7 ಇರಬೇಕು. ಆಗ ಅನುರಣನದ ವರ್ಧನೆ 50 ಪಟ್ಟಿನಿಂದ ಸುಮಾರು 6.4 ಪಟ್ಟಿಗೆ ಇಳಿಯುತ್ತದೆ. ಇದಕ್ಕೆ ಹೋಲಿಸಿದರೆ ಸಾಮಾನ್ಯ ಸೆನ್ಸರ್ ಹಾರ್ವೆಸ್ಟರಿನ ಚಲಿಸುವ ತೂಕ ನೂರು ಗ್ರಾಂ. ಅದು ಸೆನ್ಸರ್ ನಡೆಸೀತು, ಪೈಪಿನ ಕಂಪನದಲ್ಲಿ ಅಳೆಯಬಹುದಾದ ಬದಲಾವಣೆಯನ್ನೇನೂ ತಾರದು. ಅಂಗೈ ಗಾತ್ರದ ಸಾಧನ ಎಂಟು ಇಂಚಿನ ಪೈಪಿನ ಕಂಪನ ನಿಲ್ಲಿಸಿತು ಎಂದು ಯಾರಾದರೂ ಹೇಳಿದರೆ ಮೊದಲು ತೂಕ ಕೇಳಬೇಕು.

ಜನರೇಟರಿಗೆ ಎರಡು ಆಯ್ಕೆ: ಪೀಝೊ (ಬಾಗಿದಾಗ ವಿದ್ಯುತ್ ಹುಟ್ಟಿಸುವ ಸಿರಾಮಿಕ್), ಇಲ್ಲವೇ ಸುರುಳಿ-ಅಯಸ್ಕಾಂತ. ಪೀಝೊ ತಗಡನ್ನು ನೇರವಾಗಿ ಪೈಪಿಗೆ ಅಂಟಿಸುವ ಯೋಚನೆ ಆಕರ್ಷಕ, ಆದರೆ ನಮ್ಮ ಪೈಪಿನ ಮೇಲ್ಮೈ ಹಿಗ್ಗುವುದು ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಮಾತ್ರ. ಅದರಿಂದ ಏನೂ ಬಾರದು. ತಗಡನ್ನು ಹೀರುಕದ ಪಟ್ಟಿ ಸ್ಪ್ರಿಂಗಿನ ಬುಡದಲ್ಲಿ, ಹೆಚ್ಚು ಬಾಗುವ ಜಾಗದಲ್ಲಿ ಇಡಬೇಕು. ಅಲ್ಲಿ ಸಿರಾಮಿಕ್ ಬಿರುಕುಬಿಡುವ ಭಯವಿದೆ. ಪೀಝೊಗೆ ಹೊಂದುವ ಲೋಡ್ ಕೂಡ ವಿಪರೀತ ದೊಡ್ಡದು: 50 ನ್ಯಾನೊಫ್ಯಾರಡ್ ತಗಡಿಗೆ 12.4 ಹರ್ಟ್ಸ್‌ನಲ್ಲಿ ಸುಮಾರು 257 ಕಿಲೊಓಮ್. ಇಷ್ಟು ಕಡಿಮೆ ಆವರ್ತನದಲ್ಲಿ ಶೇ 12.7 ಡ್ಯಾಂಪಿಂಗ್ ಪೀಝೊದಿಂದ ಪಡೆಯುವುದು ಕಷ್ಟವೇ ಸರಿ.

ಸುರುಳಿ-ಅಯಸ್ಕಾಂತಕ್ಕೆ ಇದು ಸಲೀಸು. ಬೇಕಾದ ಡ್ಯಾಂಪಿಂಗ್, ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಸುಮಾರು 212 ನ್ಯೂಟನ್. ಒಂದು ಆಂಪಿಯರಿಗೆ 40 ನ್ಯೂಟನ್ ಬಲ ಕೊಡುವ ಸುರುಳಿ ಇದ್ದರೆ ಒಟ್ಟು ರೋಧ 7.5 ಓಮ್ ಇರಬೇಕು. ಸುರುಳಿಯದೇ 5 ಓಮ್ ಆದರೆ ಲೋಡಿಗೆ ಉಳಿಯುವುದು 2.5 ಓಮ್, ಅಂದರೆ ಹೀರಿದ ಶಕ್ತಿಯಲ್ಲಿ ಮೂರನೇ ಎರಡು ಪಾಲು ಸುರುಳಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಕಂಪನ ತಗ್ಗಿಸಲು ಅದರಿಂದ ನಷ್ಟವಿಲ್ಲ. ಡಯೋಡ್‌ಗಳ ನಷ್ಟವನ್ನೂ ಕಳೆದು ಕೈಗೆ ಮೂರು-ನಾಲ್ಕು ಮಿಲಿವ್ಯಾಟ್ ಬಂದರೂ ಅಲೆರೂಪ ಕಳಿಸುವ ಸೆನ್ಸರಿಗೆ ಸಾಕಾಗಿ ಮಿಗುತ್ತದೆ. ಬಿಸಿಯ ಮಿತಿ ಗಮನಿಸಬೇಕು: ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಹಬೆಯ ಪೈಪಿಗೆ ಸಮೇರಿಯಂ-ಕೋಬಾಲ್ಟ್ ಬೇಕು.

ಕೆಡುವುದು ಎಲ್ಲೆಲ್ಲಿ

ಅತ್ಯಂತ ಕಡೆಗಣಿತ ದೋಷ ವಿದ್ಯುತ್ ಮಂಡಲದಲ್ಲಿದೆ. ಹಾರ್ವೆಸ್ಟರ್ ಸೂಪರ್ ಕೆಪಾಸಿಟರ್ ತುಂಬುತ್ತದೆ. 0.1 ಫ್ಯಾರಡ್ ಕೆಪಾಸಿಟರ್ ಸೊನ್ನೆಯಿಂದ 5 ವೋಲ್ಟಿಗೆ ಏರಲು 1.25 ಜೂಲ್ ಬೇಕು. 1 ಮಿಲಿವ್ಯಾಟಿನಲ್ಲಿ 21 ನಿಮಿಷ. ತುಂಬಿದ ಮೇಲೆ? ಸಾಮಾನ್ಯ ಚಾರ್ಜಿಂಗ್ ಸರ್ಕ್ಯೂಟ್ ಸಂಪರ್ಕ ಕಡಿದುಕೊಳ್ಳುತ್ತದೆ. ಸುರುಳಿಯಲ್ಲಿ ಕರೆಂಟ್ ಹರಿಯುವುದು ನಿಲ್ಲುತ್ತದೆ, ಕರೆಂಟ್ ಇಲ್ಲದೆ ಡ್ಯಾಂಪಿಂಗ್ ಇಲ್ಲ, ಪೈಪ್ ಮತ್ತೆ ನಡುಗತೊಡಗುತ್ತದೆ. ಸೆನ್ಸರಿಗೆ ಸಾಕಷ್ಟು ವಿದ್ಯುತ್ ಸಿಕ್ಕಿದ ಕ್ಷಣವೇ ಪೈಪ್ ರಕ್ಷಣೆ ಕಳೆದುಕೊಳ್ಳುವ ವಿಪರ್ಯಾಸ ಇದು. ಪರಿಹಾರ ಸರಳ: ಕೆಪಾಸಿಟರ್ ತುಂಬಿದಾಗ ಕರೆಂಟನ್ನು ಒಂದು ರೆಸಿಸ್ಟರಿಗೆ ಹರಿಸುವ ಷಂಟ್ ವ್ಯವಸ್ಥೆ. ಆ ರೆಸಿಸ್ಟರನ್ನು ಸಾಧನದ ಹೆಚ್ಚುವರಿ ಎಂದು ಭಾವಿಸಬಾರದು, ಅದೇ ಸಾಧನದ ಜೀವಾಳ.

ತದ್ವಿರುದ್ಧ ತುದಿಯಲ್ಲೂ ಇಂಥದೇ ಕುಳಿಯಿದೆ. ಎಸಿ ಕರೆಂಟನ್ನು ಡಿಸಿಯಾಗಿಸುವ ಸೇತುವೆ ರೆಕ್ಟಿಫೈಯರಿನ ಎರಡು ಷಾಟ್ಕಿ ಡಯೋಡ್‌ಗಳು ಸೇರಿ ಸುಮಾರು 0.6 ವೋಲ್ಟ್ ನುಂಗುತ್ತವೆ. ಸುರುಳಿಯ ವೋಲ್ಟೇಜ್ ಅದಕ್ಕಿಂತ ಕೆಳಗಿದ್ದರೆ ಕರೆಂಟೂ ಇಲ್ಲ, ಡ್ಯಾಂಪಿಂಗೂ ಇಲ್ಲ. ಅಲ್ಲದೆ ಸುರುಳಿಯ ತಂತಿಯೊಂದು ಕಡಿದರೆ ಇಡೀ ಹೀರುಕ ಬರೀ ನೇತಾಡುವ 11 ಕಿಲೊ ಭಾರವಾಗುತ್ತದೆ. ಅದಕ್ಕೇ ಡ್ಯಾಂಪಿಂಗನ್ನು ಪೂರ್ತಿ ವಿದ್ಯುತ್ತಿನ ಮೇಲೆ ಬಿಡದೆ, ಒಂದು ಪಾಲನ್ನು ರಬ್ಬರ್ ಅಥವಾ ಸ್ನಿಗ್ಧ ದ್ರವದ ಡ್ಯಾಂಪರಿಗೆ ಕೊಡಬೇಕು, ವಿದ್ಯುತ್ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಶ್ರುತಿ ತಪ್ಪುವುದು ಎರಡನೇ ದೊಡ್ಡ ಸಮಸ್ಯೆ. ನಮ್ಮ ಪೈಪಿನಿಂದ ನೀರು ಖಾಲಿಯಾದರೆ ತೂಕ ಮೀಟರಿಗೆ 42.5 ಕಿಲೊಗೆ ಇಳಿದು ಸಹಜ ಆವರ್ತನ 16.5 ಹರ್ಟ್ಸ್‌ಗೆ ಜಿಗಿಯುತ್ತದೆ. 11.8ಕ್ಕೆ ಶ್ರುತಿಯಾದ ಹೀರುಕ ಆಗ ಹೆಚ್ಚುಕಡಿಮೆ ನಿರುಪಯುಕ್ತ. ಗ್ಯಾಸ್ ಮತ್ತು ದ್ರವ ಸರದಿಯಲ್ಲಿ ಸಾಗುವ ಲೈನುಗಳಲ್ಲಿ, ಒಳಗೆ ಮಡ್ಡಿ ಕಟ್ಟುವ ಪೈಪುಗಳಲ್ಲಿ, ಸಪೋರ್ಟ್ ಸಡಿಲವಾದ ಹಳೆಯ ಸ್ಥಾವರಗಳಲ್ಲಿ ಇದನ್ನು ಮುಂಚಿತವಾಗಿ ಯೋಚಿಸಲೇಬೇಕು.

ಕ್ಲ್ಯಾಂಪಿನ ಕೆಳಗೆ ಪೇಂಟ್ ಕೆಡದಿರಲೆಂದು ಮೆತ್ತನೆಯ ರಬ್ಬರ್ ಹಾಕುವ ರೂಢಿ ಇನ್ನೊಂದು ತೊಂದರೆ ತರುತ್ತದೆ. ಆ ರಬ್ಬರೇ ಬೇರೊಂದು ಸ್ಪ್ರಿಂಗ್ ಆಗಿ ಶ್ರುತಿ ಕೆಡಿಸುತ್ತದೆ. ಲೋಹಕ್ಕೆ ಲೋಹ ತಾಕುವ ಹಿಡಿತ, ಸಡಿಲಾಗದ ಲಾಕ್ ನಟ್, ತುಕ್ಕು ತಡೆಯುವ ತೆಳು ಲೇಪನ ಇರಲಿ. ಹೀರುಕದ ಸ್ಪ್ರಿಂಗ್ ಕೂಡ ವರ್ಷಕ್ಕೆ 39 ಕೋಟಿ ಸಲ ಬಾಗುತ್ತದೆ ಎಂಬುದನ್ನು ಮರೆಯಬಾರದು. ಅದು ತುಂಡಾದರೆ ಬೀಳುವ ಭಾರ ಕೆಳಗಿದ್ದವರ ತಲೆಯ ಮೇಲೆ. ಹಾಗಾಗಿ ಸುರಕ್ಷತಾ ಸರಪಳಿ ಕಡ್ಡಾಯ. ಸ್ಫೋಟಕ ಅನಿಲವಿರುವ ವಲಯದಲ್ಲಿ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಗೂ, ಲೋಡ್ ಇಲ್ಲದಾಗ ಪೀಝೊದಲ್ಲಿ ಏರುವ ವೋಲ್ಟೇಜಿಗೂ ಕಿಡಿ ಹಾರದಂತೆ ಮಿತಿ ಹಾಕಿ ಪ್ರಮಾಣಪತ್ರ ಪಡೆಯಬೇಕು.

ಸೆನ್ಸರ್ ಮೌನವಾದರೆ ಏನರ್ಥ

ಕಂಪನದಿಂದಲೇ ಬದುಕುವ ಸೆನ್ಸರಿಗೆ ಒಂದು ಹುಟ್ಟುಗುಣವಿದೆ: ಕಂಪನ ನಿಂತರೆ ಅದೂ ಸಾಯುತ್ತದೆ. ಸಂದೇಶ ಬಾರದಿದ್ದರೆ ಪಂಪ್ ನಿಂತಿರಬಹುದು, ಹೀರುಕ ಚೆನ್ನಾಗಿ ಕೆಲಸ ಮಾಡುತ್ತಿರಬಹುದು, ಇಲ್ಲವೇ ತಂತಿ ಕಡಿದು ಪೈಪ್ ಜೋರಾಗಿ ನಡುಗುತ್ತಿರಬಹುದು. ಮೂರಕ್ಕೂ ಹೊರನೋಟ ಒಂದೇ. ಆದ್ದರಿಂದ ಮೌನವನ್ನು ‘ಎಲ್ಲ ಸರಿಯಿದೆ’ ಎಂದು ಓದುವ ನಿಯಂತ್ರಣ ಕೊಠಡಿ ಅಪಾಯಕಾರಿ. ಪಂಪ್ ಓಡುತ್ತಿದೆಯೇ ಎಂಬ ಮಾಹಿತಿಯೊಂದಿಗೆ ತಾಳೆ ನೋಡಬೇಕು. ಸಣ್ಣ ಬ್ಯಾಟರಿಯೊಂದನ್ನು ಜೊತೆಗಿಟ್ಟು ದಿನಕ್ಕೊಂದು ಸಂದೇಶವಾದರೂ ತಪ್ಪದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು.

ಅಳವಡಿಕೆಯ ದಿನ ಮಾಡಬೇಕಾದ ಅಳತೆ

ಸಾಧನ ಮಾರುವವರ ಅಂಕಿಗಳನ್ನು ನಂಬುವ ಅಗತ್ಯವಿಲ್ಲ, ಸ್ಥಳದಲ್ಲೇ ಪರೀಕ್ಷಿಸಬಹುದು. ಮೊದಲು ಪಂಪ್ ನಿಲ್ಲಿಸಿ, ಪೈಪ್ ತುಂಬಿರುವಾಗಲೇ, ಮೆದು ತುದಿಯ ಸುತ್ತಿಗೆಯಿಂದ ತಟ್ಟಿ ಆಕ್ಸೆಲೆರೋಮೀಟರಿನಲ್ಲಿ ಸಹಜ ಆವರ್ತನ ಅಳೆಯಬೇಕು. ಹೀರುಕದ ಜಾಗ ಪೈಪ್ ಅತಿ ಹೆಚ್ಚು ಅಲುಗುವಲ್ಲಿ ಇರಬೇಕು. ಸಪೋರ್ಟಿನ ಪಕ್ಕ ಕಟ್ಟಿದರೆ ಯಾವ ಪ್ರಯೋಜನವೂ ಇಲ್ಲ.

ಕಟ್ಟಿದ ಮೇಲೆ ಪಂಪ್ ಓಡಿಸಿ ಅದೇ ಬಿಂದುವಿನಲ್ಲಿ ಮೂರು ಸಲ ಅಳೆಯಬೇಕು: ಸುರುಳಿಯ ತುದಿಗಳು ಬಿಚ್ಚಿರುವಾಗ, ಎರಡನ್ನೂ ನೇರ ಜೋಡಿಸಿದಾಗ, ಸೆನ್ಸರ್ ಮಂಡಲಕ್ಕೆ ಜೋಡಿಸಿದಾಗ. ಬಿಚ್ಚಿರುವಾಗಿನ ಅಳತೆ ಬರೀ ತೂಕ ಮತ್ತು ಸ್ಪ್ರಿಂಗಿನ ಪರಿಣಾಮ ಹೇಳುತ್ತದೆ. ನೇರ ಜೋಡಿಸಿದಾಗಿನದು ಆ ಸುರುಳಿ ಕೊಡಬಲ್ಲ ಗರಿಷ್ಠ ವಿದ್ಯುತ್ ಡ್ಯಾಂಪಿಂಗಿನಡಿ ಪೈಪ್ ಹೇಗಿರುತ್ತದೆ ಎಂಬುದನ್ನು ತೋರಿಸುತ್ತದೆ. ಮೂರನೆಯದು ಮೊದಲನೆಯದಕ್ಕೆ ಸಮನಾಗಿದ್ದರೆ ಕಂಪನ ಇಳಿಕೆಯಲ್ಲಿ ವಿದ್ಯುತ್ತಿನ ಪಾತ್ರವೇ ಇಲ್ಲ ಎಂದರ್ಥ. ಕೊನೆಗೆ ಕೆಪಾಸಿಟರ್ ಪೂರ್ತಿ ತುಂಬುವವರೆಗೆ ಕಾದು ಇನ್ನೊಮ್ಮೆ ಅಳೆಯಬೇಕು. ಆಗ ಕಂಪನ ಏರಿದರೆ ಷಂಟ್ ರೆಸಿಸ್ಟರ್ ಕೆಲಸ ಮಾಡುತ್ತಿಲ್ಲ, ಅದು ಸರಿಯಾಗುವವರೆಗೆ ಸಾಧನವನ್ನು ಪೈಪಿನ ರಕ್ಷಣೆಯ ಲೆಕ್ಕಕ್ಕೆ ಹಿಡಿಯಬಾರದು.